ಯುದ್ಧಕ್ಕೊಂದು ಮೂರನೆಯ ಕರೆ

ನನ್ನ ಕಂಪ್ಯೂಟರಿನ ಮೇಜಿನ ಮೇಲೆ ಇರಬಾರದ ವಸ್ತುವೊಂದು ಎರಡು ವಾರದಿಂದ ಕೂತಿದೆ. ಅಜ್ಜಿಯ ಕಾಲದ ಬೆಳ್ಳಿಯ ಕುಂಕುಮದ ಭರಣಿ. ಮುಚ್ಚಳ ಸರಿಯಾಗಿ ಕೂಡುವುದಿಲ್ಲ. ಹೀಗಾಗಿ ಮೌಸಿನ ಕೆಳಗಿನ ರಬ್ಬರು ಹಾಸು ಒಂದು ಮಗ್ಗುಲಿಗೆ ಕೆಂಪಾಗಿದೆ. ಕೋರ್ಟಿನಿಂದ ಬಂದ ನಮ್ಮ ಯಜಮಾನರು ಅದನ್ನು ನೋಡಿ, "ಕಂಪ್ಯೂಟರಿಗೂ ಉಡಿ ತುಂಬೀ ಏನು?" ಎಂದು ಕೇಳಿದರು. ವಕೀಲರಿಗೆ ಉತ್ತರ ಕೊಟ್ಟರೆ ಪಾಟೀಸವಾಲು ಶುರುವಾಗುತ್ತದೆ ಎಂಬುದನ್ನು ಇಷ್ಟು ವರ್ಷದ ಸಂಸಾರದಲ್ಲಿ ಕಲಿತಿದ್ದೇನೆ. ಆದರೆ ನಿಮಗೆ ಹೇಳುತ್ತೇನೆ.

ಮೊದಲು ನನ್ನ ಎರಡನೆಯ ಜನ್ಮದ ಸುದ್ದಿ ಹೇಳಬೇಕು. ಮೊದಲನೆಯ ಜನ್ಮದಲ್ಲಿ ನಾನು ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ವಯಸ್ಸು ಐವತ್ತೆರಡು. ಎಡ ಮೊಣಕಾಲು ಮಾತು ಕೇಳುವುದನ್ನು ಬಿಟ್ಟಿದೆ. ಇಂಟರ್ನೆಟ್ಟಿನೊಳಗಿನ ಇನ್ನೊಂದು ಲೋಕದಲ್ಲಿ, ಅಂದರೆ ಎಲ್ಲರೂ ಕೂಡಿ ಆಡುವ ಒಂದು ಆಟದಲ್ಲಿ, ನಾನು ಬಯಲುಕೋಟೆಯ ದಂಡನಾಯಕಿ. ದುರ್ಗಾ ಎಂದು ಹೆಸರಿಟ್ಟುಕೊಳ್ಳಲು ಹೋದೆ, ಯಾರೋ ಮೊದಲೇ ಹಿಡಿದಿದ್ದರು. ದುರ್ಗಿ ಎಂದರೆ ಅದೂ ಹೋಗಿತ್ತು. ಕೊನೆಗೆ ಬಸ್ಸಿನ ಬೋರ್ಡಿನ ಹಾಗೆ 'ಬಾಗೇವಾಡಿ ದುರ್ಗಿ' ಎಂದು ಬರೆದೆ, ಸಿಕ್ಕಿತು. ಅಲ್ಲಿ ನನಗೆ ಮೊಣಕಾಲು ನೋವಿಲ್ಲ. ಕಂದಕ ಹಾರುತ್ತೇನೆ, ಬಿಲ್ಲು ಎಳೆಯುತ್ತೇನೆ, ಸೀರೆಯ ನೆರಿಗೆ ಒಂದೂ ಕದಲುವುದಿಲ್ಲ.

ಆ ಲೋಕದಲ್ಲಿ ಪ್ರತಿಯೊಬ್ಬರಿಗೂ ತಮಗೆ ಬೇಕಾದ ಮೈ ಸಿಗುತ್ತದೆ. ಜಾಗ ಹಿಡಿಯಬಹುದು, ಕೋಟೆ ಕಟ್ಟಬಹುದು, ಕುದುರೆ ಸಾಕಬಹುದು. ವರ್ಷಕ್ಕೊಮ್ಮೆ ಎರಡು ಕೋಟೆಯವರು ಕೂಡಿ ಒಂದು ಕತೆ ಹೆಣೆದುಕೊಂಡು ದೊಡ್ಡ ಯುದ್ಧ ಆಡುತ್ತಾರೆ. ಯಾವ ಸೇತುವೆಗಾಗಿ ಜಗಳ, ಯಾರು ಯಾರಿಗೆ ದ್ರೋಹ ಮಾಡಿದ್ದು, ಎಲ್ಲ ಮೊದಲೇ ಮಾತಾಗಿರುತ್ತದೆ. ಗೆಲ್ಲುವವರು ಯಾರು ಎಂಬುದೊಂದು ಮಾತ್ರ ಆಗಿರುವುದಿಲ್ಲ. ಸತ್ತವರು ಸ್ವಲ್ಪ ಹೊತ್ತಿಗೆ ತಮ್ಮ ಕೋಟೆಯ ಬಾವಿಕಟ್ಟೆಯ ಮೇಲೆ ಎದ್ದು ಕೂಡುತ್ತಾರೆ, ಅಷ್ಟೇ. ನಮ್ಮ ಕಡೆ ಸಿಂದಗಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿರುವ ಮಲ್ಲು ನನ್ನ ದೂತ. ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ ಶಾಂತಪ್ಪ ಸಾವಕಾರರು ನಮ್ಮ ಬೆಂಕಿಯುಗುಳುವ ರೆಕ್ಕೆಸರ್ಪ. ಬೇರೆ ಏನಾಗಿ ಎಂದರೂ ಅವರು ಬರಲು ಒಪ್ಪುವುದಿಲ್ಲ. ಎದುರಿನ ಕಲ್ಲುಕೋಟೆಯ ದಂಡನಾಯಕಿ ನನ್ನ ಒಡಹುಟ್ಟಿದ ಅಕ್ಕ.

ಅಕ್ಕ ಮುದ್ದೇಬಿಹಾಳದಲ್ಲಿ ಚಿತ್ರಕಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನನ್ನನ್ನು ಈ ಲೋಕಕ್ಕೆ ಎಳೆದವಳೂ ಅವಳೇ. ಅವಳ ಕಲ್ಲುಕೋಟೆಯನ್ನು ನೋಡಲು ದೂರದೂರಿನವರು ಬರುತ್ತಾರೆ. ಒಂದೊಂದು ಕಲ್ಲಿನ ಬಣ್ಣವನ್ನೂ ಅವಳೇ ಕಲೆಸಿದ್ದು. ಅವಳ ಸೈನ್ಯದಲ್ಲಿ ಮುಕ್ಕಾಲು ಮಂದಿ ಮುದ್ದೇಬಿಹಾಳ, ನಾಲತವಾಡದ ಕಡೆಯವರು. ಹಳೆಯ ವಿದ್ಯಾರ್ಥಿಗಳು, ಓಣಿಯವರು, ಗಂಡನ ಕಡೆಯ ಬಳಗ. ನಾವಿಬ್ಬರೂ ದಿನಾ ಸಂಜೆ ಆ ಲೋಕದ ಹೊಳೆದಂಡೆಯಲ್ಲಿ ಕೂತು ಇಹಲೋಕದ ಹಪ್ಪಳ ಸಂಡಿಗೆಯ ಮಾತಾಡುತ್ತಿದ್ದೆವು. ಇದೆಲ್ಲ ಮೂರು ವರ್ಷದ ಹಿಂದಿನ ಮಾತು. ಆಮೇಲೆ ಅಕ್ಕ ನನ್ನೊಂದಿಗೆ ಮಾತು ಬಿಟ್ಟಳು. ಈ ಲೋಕದಲ್ಲೂ ಬಿಟ್ಟಳು, ಆ ಲೋಕದಲ್ಲೂ ಬಿಟ್ಟಳು.

ತಪ್ಪು ನನ್ನದು. ಅದನ್ನು ಹೇಳಬೇಕೆಂದರೆ ಮಸೂತಿ ಎಂಬ ಹಳ್ಳಿಯ ಅಜ್ಜಿಯ ಮನೆಗೆ ಹೋಗಬೇಕು.

ನಮ್ಮ ಕಡೆ ಊಟಕ್ಕೆ ಕರೆಯುವುದೆಂದರೆ ಮೂರು ಸಲ ಕರೆಯುವುದು. ಮೊದಲನೆಯದು ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯುವುದು. ಎರಡನೆಯದು ಹಿಂದಿನ ದಿನ ನೆನಪು ಮಾಡುವುದು. ಮೂರನೆಯದು ಅಡುಗೆ ಆಗಿ, ಎಲೆ ಹಾಕಿದ ಮೇಲೆ ಮನೆಮನೆಗೆ ಹೋಗಿ ಎಬ್ಬಿಸಿಕೊಂಡು ಬರುವುದು. ಈ ಮೂರನೆಯದು ಆಗದಿದ್ದರೆ ಮೊದಲಿನ ಎರಡೂ ನೀರಲ್ಲಿ ಹೋಮ ಮಾಡಿದಂತೆ. ಮಡಿ ಉಟ್ಟು, ಮುಡಿದು, ಹಸಿದು ಕೂತಿರುತ್ತಾರೆಯೇ ಹೊರತು ಯಾರೂ ತಾವಾಗಿ ಎದ್ದು ಬರುವುದಿಲ್ಲ. ಕರೆಯದೆ ಹೋದರೆ ಮರ್ಯಾದೆ ಏನು ಉಳಿಯಿತು?

ಅಜ್ಜಿಯ ಮನೆಯಲ್ಲಿ ಆರಾಧನೆ, ಹಬ್ಬ ಅಂದರೆ ಮೂರನೆಯ ಕರೆ ನಮ್ಮಿಬ್ಬರ ಪಾಲಿಗೆ. ಮೇಲಿನ ಓಣಿ ಅಕ್ಕನಿಗೆ, ಕೆಳಗಿನ ಓಣಿ ನನಗೆ. ಮಟಮಟ ಮಧ್ಯಾಹ್ನ, ಬರಿಗಾಲು, ನೆಲ ಹಂಚಿನಂತೆ ಕಾದಿರುತ್ತಿತ್ತು. ಒಂದು ಗೋಡೆಯ ನೆರಳಿನಿಂದ ಇನ್ನೊಂದು ಗೋಡೆಯ ನೆರಳಿಗೆ ಜಿಗಿಯುತ್ತಾ ಹೋಗಿ, "ಎಲಿ ಹಾಕ್ಯಾರ, ನಡೀರಿ" ಎಂದು ಕೂಗಬೇಕು. ಎಲ್ಲರ ಉತ್ತರವೂ ಒಂದೇ: "ನೀ ನಡಿ ಮುಂದ, ನಾ ಬಂದೆ." ನಾನು ನಂಬಿ ಓಡಿ ಬಂದುಬಿಡುತ್ತಿದ್ದೆ. ಅಕ್ಕ ಕಿವಿ ಹಿಂಡಿ ಹೇಳಿಕೊಟ್ಟಳು. "ಹಂಗಂದವರು ಯಾರೂ ಬರೂದಿಲ್ಲ. ಅವರ ಕಾಲು ಚಪ್ಪಲಿ ಒಳಗ ಹೋಗೂತನಕಾ ನಿಂದರಬೇಕು. ಆಮ್ಯಾಲೆ ಮುಂದಿನ ಮನಿ." ಅವಳು ಹಾಗೇ ನಿಲ್ಲುತ್ತಿದ್ದಳು, ಕೋರ್ಟಿನ ಬಾಗಿಲಲ್ಲಿ ನಿಲ್ಲುವ ಪಟ್ಟೇವಾಲನ ಹಾಗೆ.

ಒಂದು ಸಲ ಬಿಸಿಲಿಗೆ ಬೇಸತ್ತು ನಾನು ಓಣಿಯ ಮೂಲೆಯಲ್ಲಿ ನಿಂತೇ ಒಮ್ಮೆ ಕೂಗಿ, ಎಲ್ಲರನ್ನೂ ಕರೆದೆ ಎಂದು ಅಜ್ಜಿಗೆ ಹೇಳಿದೆ. ಓಣಿಯ ಕೊನೆಯ ಮನೆಯಲ್ಲಿದ್ದ ವಯಸ್ಸಾದ ಆಚಾರ್ಯರಿಗೂ ಅವರ ಹೆಂಡತಿಗೂ ಕೇಳಿಸಲಿಲ್ಲ. ಇಳಿಹೊತ್ತಿನ ತನಕ ಆ ಇಬ್ಬರೂ ಹಸಿದು ಕೂತಿದ್ದರು. ಗೊತ್ತಾದಾಗ ಅಜ್ಜಿ ಸಿಟ್ಟಿನಿಂದ ನಡುಗುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ ಅಕ್ಕ, "ಆ ಮನಿ ಇವತ್ತ ನನ್ನ ಪಾಲಿಗಿತ್ತು, ಮರತೆ" ಎಂದಳು. ಬೈಗುಳ ತಿಂದಳು. ಊಟದ ತಾಟಿನ ಮೇಲೆ ಎಲೆ ಮುಚ್ಚಿಕೊಂಡು ಹೋಗಿ ಆಚಾರ್ಯರ ಹೆಂಡತಿಯ ಕಾಲಿಗೆ ಬಿದ್ದು ಬಂದಳು. ನಾನು ಕಣಜದ ಹಿಂದೆ ಅಡಗಿ ಕೂತು ಹೋಳಿಗೆ ತಿಂದೆ.

ಅಂಥ ಅಕ್ಕನಿಗೆ ನಾನು ಮಾಡಿದ್ದೇನು ಕೇಳಿ. ಮೂರು ವರ್ಷದ ಹಿಂದೆ ಬಾಗೇವಾಡಿಯಲ್ಲಿ ನಮ್ಮ ಹೊಸ ಮನೆಯ ವಾಸ್ತುಶಾಂತಿ. ನಮ್ಮ ಮನೆಯಿಂದ ಎರಡು ಓಣಿ ಆಚೆ ಅಕ್ಕನ ನಾದಿನಿಯ ಮನೆ. ಮುದ್ದೇಬಿಹಾಳದಿಂದ ಬಸ್ಸಿಗೆ ಬಂದ ಅಕ್ಕ, ಸೀರೆ ಬದಲಿಸಿ ನಾದಿನಿಯ ಮನೆಯವರನ್ನೂ ಕರೆದುಕೊಂಡು ಬಂದರಾಯಿತೆಂದು ಅಲ್ಲಿಗೆ ಹೋದಳು. ನಾನು ಕಾರ್ಡು ಕೊಟ್ಟಿದ್ದೆ, ಹಿಂದಿನ ದಿನ ನೆನಪೂ ಮಾಡಿದ್ದೆ. ಎಲೆ ಹಾಕಿದಾಗ ಮಾತ್ರ ಕರೆಯಲು ಹೋಗಲಿಲ್ಲ, ಯಾರನ್ನೂ ಕಳಿಸಲಿಲ್ಲ. ಸ್ವಂತ ಅಕ್ಕ, ಅವಳಿಗೇನು ಕರೆಯುವುದು ಅಂದುಕೊಂಡೆ. ನಾದಿನಿಯ ಮನೆಯವರು ಕರೆಯದೆ ಏಳಲಿಲ್ಲ. ಅವರನ್ನು ಬಿಟ್ಟು ಅಕ್ಕ ಒಬ್ಬಳೇ ಹೇಗೆ ಏಳುತ್ತಾಳೆ? ನನಗೆ ಅರಿವಾಗಿ ಫೋನು ಮಾಡುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಅವಳು ಎತ್ತಲಿಲ್ಲ. ಇಳಕಲ್ಲ ಸೀರೆ ಉಟ್ಟುಕೊಂಡೇ ಉಪವಾಸ ಬಸ್ಸು ಹತ್ತಿ ಹೋಗಿದ್ದಳು.

ಆಮೇಲೆ ನಾನು ಹೋಗಿ ಕ್ಷಮೆ ಕೇಳಬೇಕಿತ್ತು. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎಂದು ತಳ್ಳಿದೆ. ನಾಚಿಕೆಯ ಗುಣವೇ ಹಾಗೆ, ತಡವಾದಷ್ಟೂ ಬಲಿಯುತ್ತದೆ. ಕೊನೆಗೆ ನಾನೇ ಸಿಟ್ಟಾದವಳಂತೆ ಸೆಟೆದು ಕೂತೆ.

ಇಂಥದರಲ್ಲಿ ಈ ವರ್ಷದ ಯುದ್ಧದ ಯಜಮಾನಿಕೆ ನಮ್ಮ ಬಯಲುಕೋಟೆಗೆ ಬಂತು. ಎದುರು ನಿಲ್ಲುವಷ್ಟು ದೊಡ್ಡ ಸೈನ್ಯ ಇದ್ದದ್ದು ಕಲ್ಲುಕೋಟೆಯದೊಂದೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಯುದ್ಧ ಮಾಡಿಸಿ ನೋಡಿರಲಿಲ್ಲ. ನೂರಾಮೂವತ್ತು ಮಂದಿ. ಅದಕ್ಕಿಂತ ಒಬ್ಬರು ಹೆಚ್ಚಾದರೂ ಆಟ ಭಾರ ತಾಳದೆ ಆ ಬಯಲಿನಲ್ಲಿ ಎಲ್ಲರ ಕಾಲೂ ಕೆಸರಿನಲ್ಲಿ ಹೂತಂತೆ ನಿಂತುಬಿಡುತ್ತವೆ. ಯಾರಿಗೆ ಕುದುರೆ, ಯಾರಿಗೆ ಗುರಾಣಿ, ಯಾರು ಮೊದಲು ಸಾಯಲು ಒಪ್ಪುತ್ತಾರೆ, ಎಲ್ಲ ಬರೆದುಕೊಂಡೆ. ಸಾಯಲು ಯಾರೂ ಒಪ್ಪಲಿಲ್ಲ. ಕರೆಂಟು ಹೋದರೆ? ಇನ್ವರ್ಟರು ಕೈ ಕೊಟ್ಟರೆ? ಶಾಂತಪ್ಪನವರು ಮಾತು ಕೇಳದೆ ಮೊದಲೇ ಬೆಂಕಿ ಬಿಟ್ಟರೆ? ಈ ಎಲ್ಲ ಚಿಂತೆಗಳ ಕೆಳಗೆ ಒಂದೇ ಒಂದು ಚಿಂತೆ ಕೂತಿತ್ತು. ಅಕ್ಕ ಬರುತ್ತಾಳೋ ಇಲ್ಲವೋ.

ಕತೆಯನ್ನೇನೋ ಎರಡೂ ಕಡೆಯ ದೂತರು ಓಡಾಡಿ ಹೆಣೆದರು. ಮಾತು ಬಿಟ್ಟವರಿಗೆ ಆಮಂತ್ರಣ ಕೊಡುವುದು ಹೇಗೆ? ಆ ಲೋಕದ ಎಲ್ಲರಿಗೂ ಕಾಣುವ ಫಲಕದ ಮೇಲೆ ವಾರ, ವೇಳೆ ಬರೆದು ಹಾಕಿದೆ. ಹಿಂದಿನ ದಿನ ಮಲ್ಲುವನ್ನು ಕಲ್ಲುಕೋಟೆಗೆ ಕಳಿಸಿ ನೆನಪು ಮಾಡಿಸಿದೆ. ಅವನು ಹೋಗಿ ಬಂದು, "ಅಕ್ಕಾರು ಒಂದ ಮಾತು ಅಂದ್ರರಿ ಮೇಡಂ. 'ನೋಡೂಣು' ಅಂದ್ರು" ಎಂದ.

"ಹೆಂಗ ಅಂದಳು? ನಕ್ಕೋತ ಅಂದಳೋ, ಬಿರುಸಾಗಿ ಅಂದಳೋ?"

"ಟೈಪ್ ಮಾಡಿದ್ರರಿ. ಅದರಾಗ ಹೆಂಗ ಗೊತ್ತಾಕೈತ್ರಿ?"

ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಜಮಾನರು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿ ಮಜ್ಜಿಗೆ ಕಲಸಿಕೊಂಡರು.

ರವಿವಾರ ಮಧ್ಯಾಹ್ನ ನಾಲ್ಕಕ್ಕೆ ಯುದ್ಧ. ಮೂರೂವರೆಗೇ ನಮ್ಮ ಕಡೆಯವರು ಸೇತುವೆಯ ಈಚೆಗೆ ಸಾಲುಗಟ್ಟಿ ನಿಂತರು. ಮೇಲೆ ಶಾಂತಪ್ಪನವರು ರೆಕ್ಕೆ ಬಡಿಯುತ್ತಾ ಸುತ್ತುತ್ತಿದ್ದರು. ನಾಲ್ಕಾಯಿತು. ಸೇತುವೆಯ ಆಚೆಗೆ ಒಂದು ನರಪಿಳ್ಳೆಯೂ ಇಲ್ಲ. ನಾಲ್ಕೂ ಹತ್ತು. ಗಾಳಿಗೆ ಹುಲ್ಲು ಆಡುತ್ತಿತ್ತು, ಅಷ್ಟೇ. ದೂರದೂರಿನಿಂದ ಬಂದವರು, ಯುದ್ಧ ಇದೆಯೋ ಇಲ್ಲವೋ ಎಂದು ಬರೆಯತೊಡಗಿದರು. ನನ್ನ ಅಂಗೈ ಬೆವರಿ ಮೌಸು ಜಾರುತ್ತಿತ್ತು.

"ಮೇಡಂ, ಬೆಂಕಿ ಬಿಡ್ಲೇನ್ರಿ?" ಹೆಡ್‌ಫೋನಿನಲ್ಲಿ ಶಾಂತಪ್ಪನವರ ದನಿ.

"ತಡೀರಿ ಸಾವಕಾರ್ರ. ಎದುರಿಗೆ ಯಾರೂ ಇಲ್ಲ."

"ಯಾಪಾರ ಬಿಟ್ಟು ಬಂದೇನ್ರಿ. ಹಾರಿ ಹಾರಿ ರೆಕ್ಕಿ ಸೋತಾವು."

ನಾಲ್ಕೂ ಇಪ್ಪತ್ತಕ್ಕೆ ನನಗೆ ಖಾತ್ರಿಯಾಯಿತು. ಅಕ್ಕ ಬರುವುದಿಲ್ಲ. ಅಂದು ನಾನು ಅವಳನ್ನು ನಾಲ್ಕು ಮಂದಿಯ ಮುಂದೆ ಕೂಡಿಸಿದೆ, ಇಂದು ಅವಳು ನನ್ನನ್ನು ನೂರು ಮಂದಿಯ ಮುಂದೆ ನಿಲ್ಲಿಸಿದ್ದಾಳೆ. ನ್ಯಾಯವೇ. ಆದರೂ ಕಣ್ಣಲ್ಲಿ ನೀರು ಬಂತು. ಈ ಬಾಗಿಲೂ ಮುಚ್ಚಿದರೆ ನನಗೂ ಅವಳಿಗೂ ನಡುವೆ ಇನ್ಯಾವ ಬಾಗಿಲೂ ಇರಲಿಲ್ಲ. ಕೊನೆಗೆ ಮಲ್ಲುವನ್ನು ಕಲ್ಲುಕೋಟೆಯ ಕಡೆ ಓಡಿಸಿದೆ.

"ಮೇಡಂ, ಇಲ್ಲೆ ಎಲ್ಲಾರೂ ಅದಾರ್ರಿ" ಎಂದ ಅವನು. "ಬಾಗಲ ಸಂದ್ಯಾಗಿಂದ ಕಾಣತಾರ, ಕ್ವಾಟಿ ಒಳಗ ತಯಾರಾಗಿ ನಿಂತಾರ. ಕುದುರಿ ಮ್ಯಾಲೆ ಜೂಲಾ ಹಾಕ್ಯಾರ, ನಿಶಾನಿ ಹಿಡದಾರ. ಅಗಸಿ ಬಾಗಲಾ ಒಂದು ತಗದಿಲ್ಲ."

"ಯಾಕಂತ ಕೇಳಿದಿಯೇನಪಾ?"

"ನಾಲತವಾಡದ ಒಬ್ಬ ಅಜ್ಜಾರನ್ನ ಕೇಳಿದ್ನಿರಿ. 'ಟೈಮ್ ಹಾಕ್ಯಾರ, ಖರೆ ಐತಿ. ನಡೀರಿ ಅಂತ ಕರ್ಯಾಕ ಯಾರೂ ಬಂದಿಲ್ಲಲ್ಲ, ಹೆಂಗ ಹೋಗೂದು' ಅಂದ್ರು."

ಒಂದು ಕ್ಷಣ ನನಗೆ ನಗು ಬಂತು. ಆಮೇಲೆ ಕಲ್ಲುಕೋಟೆಯ ಕಡೆ ತಿರುಗಿ ನೋಡಿದೆ. ಸಿಂಗರಿಸಿಕೊಂಡು, ಕುದುರೆ ಹತ್ತಿ, ಮುಚ್ಚಿದ ಬಾಗಿಲಿನ ಹಿಂದೆ ಒಂದು ತಾಸಿನಿಂದ ನಿಂತಿದ್ದಾರೆ. ನಾದಿನಿಯ ಪಡಸಾಲೆಯಲ್ಲಿ ಇಳಕಲ್ಲ ಸೀರೆ ಉಟ್ಟು ಗಡಿಯಾರ ನೋಡುತ್ತಾ ಕೂತಿದ್ದ ಅಕ್ಕನನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಅವತ್ತು ಕಂಡೆ. ಅದೇ ತಪ್ಪು. ಕಾರ್ಡಿನ ಹಾಗೆ ಫಲಕ ಹಾಕಿದ್ದೆ, ನೆನಪು ಮಾಡಿದ್ದೆ, ಎಲೆ ಹಾಕಿದ ಮೇಲೆ ಎಬ್ಬಿಸಲು ಹೋಗಿರಲಿಲ್ಲ.

ಬಿಲ್ಲು ಕೆಳಗಿಟ್ಟೆ. ಗುರಾಣಿಯನ್ನೂ ಇಟ್ಟೆ. ಬರಿಗೈಯಲ್ಲಿ ಸೇತುವೆ ದಾಟಲು ಹೊರಟೆ.

"ಮೇಡಂ, ಬ್ಯಾಡ್ರಿ" ಎಂದು ಮಲ್ಲು ಬಡಕೊಂಡ. ಅವನ ಹೆದರಿಕೆ ಖರೆಯದೇ. ಕಹಳೆ ಊದುವ ಮೊದಲು ದಂಡನಾಯಕಿ ಗಡಿ ದಾಟಿ ಸತ್ತರೆ ಆ ವರ್ಷದ ಯುದ್ಧ ಅಲ್ಲಿಗೇ ಮುಗಿಯುತ್ತದೆ, ಅದು ಕಟ್ಟಳೆ. ಕಲ್ಲುಕೋಟೆಯ ಗೋಡೆಯ ಉದ್ದಕ್ಕೂ ಬಿಲ್ಲುಗಾರರು. ಒಂದು ಬಾಣ ಸಾಕು, ನೂರಾಮೂವತ್ತು ಮಂದಿಯ ರವಿವಾರ ಮಣ್ಣುಪಾಲು. ನಾನು ನಡೆದೆ. ಆ ಲೋಕದಲ್ಲಿ ಓಡಬಹುದಿತ್ತು, ಹಾರಬಹುದಿತ್ತು. ಯಾಕೋ ಒಂದೊಂದೇ ಹೆಜ್ಜೆ ಇಟ್ಟು ನಡೆದೆ.

ಅಗಸಿಯ ಮುಂದೆ ನಿಂತು ಮೈಕು ಹಚ್ಚಿದೆ. ಟೈಪು ಮಾಡಿದರೆ ಕರೆದಂತಾಗುವುದಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದೆ. "ಅಕ್ಕಾ, ಎಲಿ ಹಾಕ್ಯಾರ. ಎಲ್ಲಾರನ್ನೂ ಕರಕೊಂಡು ನಡಿ."

ದೂರದವರಿಗೆ ಏನೂ ತಿಳಿದಿರಲಿಕ್ಕಿಲ್ಲ. ಯಾರೋ ಎಲೆ ಎಂದರೆ ಯಾವ ಆಯುಧ ಎಂದು ಕೇಳಿದರು. ಗೋಡೆಯ ಮೇಲಿನ ಬಿಲ್ಲುಗಾರರು ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಯಜಮಾನರು ಚಹಾ ತಂದಿಟ್ಟದ್ದು, ಅದು ಆರಿದ್ದು ಮಾತ್ರ ನೆನಪಿದೆ. ಆಮೇಲೆ ಅಗಸಿ ಬಾಗಿಲು ತೆರೆಯಿತು. ಮೊದಲು ಅಕ್ಕನ ಬಿಳಿ ಕುದುರೆ ಹೊರಬಂತು, ಹಿಂದೆ ಅವಳ ಇಡೀ ಬಳಗ. ಅಕ್ಕ ನನ್ನ ಕಡೆ ನೋಡದೆ ಸೇತುವೆಗೆ ಹೋದಳು. ನಾನು ಕೊನೆಯ ಕಾಲಾಳು ದಾಟುವವರೆಗೂ ಅಗಸಿಯಲ್ಲೇ ನಿಂತಿದ್ದು, ಆಮೇಲೆ ಓಡಿಹೋಗಿ ಕಹಳೆ ಊದಿದೆ.

ಯುದ್ಧದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಸೋತೆವು. ಶಾಂತಪ್ಪನವರು ಅವಸರದಲ್ಲಿ ನಮ್ಮ ಕುದುರೆಗಳ ಮೇಲೇ ಬೆಂಕಿ ಬಿಟ್ಟರು. ನಾನು ಅಕ್ಕನ ಕೈಯಿಂದಲೇ ಸತ್ತು, ನಮ್ಮ ಬಾವಿಕಟ್ಟೆಯ ಮೇಲೆ ಎದ್ದು ಕೂತಾಗ ಮಲ್ಲು ಅವಳ ಮಾತು ತಂದ.

"ಅಕ್ಕಾರು ಹೇಳಿ ಕಳಿಸ್ಯಾರ್ರಿ. 'ಯುದ್ಧಕ್ಕ ಕರದ್ಲು, ಬಂದ್ವಿ. ಊಟಕ್ಕ ಇನ್ನೂ ಕರದಿಲ್ಲ' ಅಂತ ಹೇಳಂದ್ರು."

ಗೆದ್ದಷ್ಟು ಸಂತೋಷವಾಯಿತು. ಮರುಕ್ಷಣ ಹೊಸ ಚಿಂತೆ ಹತ್ತಿತು. ವಾಸ್ತುಶಾಂತಿಯ ಊಟ ಆಗಿ ಮೂರು ವರ್ಷ. ಈಗ ಏನೆಂದು ಕರೆಯಲಿ? ಯಜಮಾನರನ್ನು ಕೇಳಿದೆ. ಅವರು ಪೇಪರಿನಿಂದ ಮುಖ ಎತ್ತದೆ, "ಶಾಂತಿ ಮುಗದದ. ವಾಸ್ತು ಇನ್ನೂ ಇಲ್ಲೇ ಅದ ಅಲ್ಲ" ಎಂದರು. ಅವರ ವಕೀಲಿ ನನಗೆ ಕೆಲಸಕ್ಕೆ ಬಂದದ್ದು ಅದೊಂದೇ ಸಲ. ಅವತ್ತೇ ಅಜ್ಜಿಯ ಭರಣಿ ಹುಡುಕಿ ತೆಗೆದು, ಕುಂಕುಮ ತುಂಬಿ, ಮರೆಯದಿರಲೆಂದು ಕಂಪ್ಯೂಟರಿನ ಮೇಜಿನ ಮೇಲಿಟ್ಟೆ.

ಮುಂದಿನ ರವಿವಾರ ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿದೆ. ಎಲೆ ತೊಳೆದು ಒರೆಸಿ ಸಾಲಾಗಿ ಹಾಕಿದೆ. ಯಜಮಾನರನ್ನು ಎಲೆಗಳ ಕಾವಲಿಗೆ ಕೂಡಿಸಿ, ಮೇಜಿನ ಮೇಲಿನ ಭರಣಿಯನ್ನು ಚೀಲಕ್ಕೆ ಹಾಕಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ. ಎಲೆ ಹಾಕಿದ ಮೇಲೆ ಇಷ್ಟು ದೂರ ಕರೆಯಲು ಹೋದವಳು ನಾನೊಬ್ಬಳೇ ಇರಬೇಕು. ದಾರಿಯುದ್ದಕ್ಕೂ ಆಡಬೇಕಾದ ಮಾತು ಜೋಡಿಸಿದೆ, ಮುರಿದೆ, ಮತ್ತೆ ಜೋಡಿಸಿದೆ. ಕಂಡಕ್ಟರು ಎಲ್ಲಿಗೆ ಎಂದು ಕೇಳಿದರೆ "ಊಟಕ್ಕ" ಅಂದೆ.

ಬಾಗಿಲು ತೆರೆದವಳು ಅಕ್ಕನೇ. ಮೂರು ವರ್ಷಕ್ಕೆ ಕೂದಲು ಬೆಳ್ಳಗಾಗಿತ್ತು. ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. ಭರಣಿ ತೆಗೆದೆ. ಅವಳು ಅದನ್ನು ನೋಡಿದಳು. ಹಣೆ ಮುಂದೆ ಮಾಡಿದಳು. ಕುಂಕುಮ ಹಚ್ಚಿದೆ, ಸೊಟ್ಟಾಯಿತು.

"ನಮ್ಮ ನಾದಿನಿ ಮನ್ಯಾಗ ಕರದಿಯೇನು?" ಎಂದು ಕೇಳಿದಳು. ಮೂರು ವರ್ಷದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

"ಮದಲನೇದು, ಎರಡನೇದು ಆಗ್ಯಾವ. ಮೂರನೇದಕ್ಕ ನಾವಿಬ್ಬರೂ ಕೂಡಿ ಹೋಗೂಣು ಅಂತ ಬಿಟ್ಟೀನಿ. ಅಕ್ಕಾ, ಎಲಿ ಹಾಕ್ಯಾರ, ನಡಿ."

ಅವಳು ಒಳಗೆ ತಿರುಗಿ, "ನೀ ನಡಿ ಮುಂದ, ನಾ ಬಂದೆ" ಎಂದಳು.

ನಾನು ಹೋಗಲಿಲ್ಲ. ಹೊಸ್ತಿಲ ಪಕ್ಕ ಅವಳ ಚಪ್ಪಲಿ ಇದ್ದವು. ಅವುಗಳನ್ನೇ ನೋಡುತ್ತಾ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತೆ. ಬಹಳ ಹೊತ್ತಿನ ಮೇಲೆ ನಡುಮನೆಯಿಂದ ದನಿ ಬಂತು.

"ಹೋದಿಯೇನು?"

"ಇಲ್ಲ" ಅಂದೆ.

"ಹಂಗಾರ ನಿಂದರು" ಎಂದಳು ಅಕ್ಕ, "ಆ ಇಳಕಲ್ಲ ಸೀರಿ ಉಟಗೊಂಡು ಬರ್ತೀನಿ."